‘ಪೋರ್ಟ್ ಮಾಡು’ ಎನ್ನುವುದಕ್ಕೆ ‘ಒಗ್ಗಿಸು’ ಆಗಬಹುದೇ?

ಗೆಳೆಯರಿಗೆ ನಮಸ್ಕಾರ.

ಹಾಸನದಲ್ಲಿ ನಾವು ಕೆಲವರು ಸೇರಿ ಇಂಜಿನಿಯರಿಂಗ್ ಹುಡುಗ ಹುಡುಗಿಯರಿಗಾಗಿ ಸಾಫ್ಟ್‌ವೇರ್ ರೇಡಿಯೋ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇವೆ. ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ 1982ರಿಂದ ಇದೆ. ಅಲ್ಲಿನ ದೊಡ್ಡ ಡಿಶ್‌ಗಳ ಕಥೆ ಕೇಳಿಕೊಂಡೇ ಬೆಳೆದ ಮಕ್ಕಳಿಗೆ ರೇಡಿಯೋ ಅಂದರೆ ಕುತೂಹಲ ಜಾಸ್ತಿ. ಆಂಟೆನಾ, ಸಿಗ್ನಲ್, ಡಾಂಗಲ್, ಬೋರ್ಡ್, ಮಾಡ್ಯೂಲ್ ಇವನ್ನೆಲ್ಲ ಹಾಗೇ ಇಟ್ಟುಕೊಂಡಿದ್ದೇವೆ. ಸುಮ್ನೆ ಎಲ್ಲಕ್ಕೂ ಹೊಸ ಪದ ಕಟ್ಟುವ ಚಪಲ ನಮಗಿಲ್ಲ. ಸಿಕ್ಕಿಹಾಕಿಕೊಂಡಿರುವುದು ಒಂದೇ ಕ್ರಿಯಾಪದದ ಹತ್ತಿರ: ‘ಪೋರ್ಟ್ ಮಾಡು’. ಅಂದರೆ ಒಂದು ಆವೃತ್ತಿಗೋ ಯಂತ್ರಕ್ಕೋ ಬರೆದ ಸಾಫ್ಟ್‌ವೇರನ್ನು ತಿದ್ದಿ ಇನ್ನೊಂದರಲ್ಲಿ ಓಡುವಂತೆ ಮಾಡುವುದು.

ಅದನ್ನೂ ಹಾಗೇ ಬಿಡಬಹುದಲ್ವಾ ಎಂದು ಕೇಳುತ್ತೀರಿ. ಬಿಡಬಹುದಿತ್ತು. ಆದರೆ ‘ಪೋರ್ಟ್’ ಎಂಬ ಪದಕ್ಕೆ ಕನ್ನಡದಲ್ಲಿ ಈಗಾಗಲೇ ಬೇರೆ ಬಾಳು ಇದೆ. 2011ರಲ್ಲಿ ದೇಶದಾದ್ಯಂತ ಮೊಬೈಲ್ ನಂಬರ್ ಪೋರ್ಟ್ ಮಾಡಿಸುವ ಸೌಲಭ್ಯ ಬಂತು. ಅಂದಿನಿಂದ ‘ಸಿಮ್ ಪೋರ್ಟ್ ಮಾಡಿಸಿದೆ’ ಎನ್ನುವುದು ಎಲ್ಲರ ಬಾಯಲ್ಲೂ ಇದೆ. ಅಲ್ಲಿ ಕಂಪನಿ ಬದಲಾಗುತ್ತದೆ, ನಂಬರ್ ಒಂದಂಕಿಯೂ ಬದಲಾಗುವುದಿಲ್ಲ. ಸಾಫ್ಟ್‌ವೇರ್ ಪೋರ್ಟ್‌ನಲ್ಲಿ ನಡೆಯುವುದು ಇದರ ಉಲ್ಟಾ. ಹೊಸ ಜಾಗಕ್ಕೆ ತಕ್ಕಂತೆ ಒಳಗಿನದನ್ನೇ ತಿದ್ದಬೇಕು. ‘ಪೋರ್ಟ್ ಮಾಡಿ’ ಅಂದರೆ ಫೈಲುಗಳನ್ನು ಕಾಪಿ ಮಾಡಿ ತಂದು ‘ಆಯ್ತು ಸರ್’ ಎನ್ನುವ ಹುಡುಗರು ಇದ್ದಾರೆ. ಅವರ ತಪ್ಪೇನಿದೆ? ಸಾಲದು ಎಂಬಂತೆ ಬೋರ್ಡಿನಲ್ಲಿ ಯುಎಸ್‌ಬಿ ಪೋರ್ಟ್ ಬೇರೆ ಇದೆ. ಕೈಪಿಡಿಯಲ್ಲಿ ಬರುವ ಗ್ನೂ ರೇಡಿಯೋ ತಂತ್ರಾಂಶದ ಪ್ರತಿ ಬ್ಲಾಕಿಗೂ ಇನ್‌ಪುಟ್ ಪೋರ್ಟ್, ಔಟ್‌ಪುಟ್ ಪೋರ್ಟ್ ಇವೆ. ‘ಪೋರ್ಟ್ ಮಾಡುವಾಗ ಪೋರ್ಟುಗಳನ್ನು ನೋಡಿಕೊಳ್ಳಿ’ ಎಂದು ಬರೆದು, ಓದಿ, ನಾವೇ ನಕ್ಕೆವು.

ಪದ ಹುಡುಕುವ ಮೊದಲು ಕೆಲಸ ಏನು ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಕೆಲಸ ಗೊತ್ತಿಲ್ಲದೆ ಪದ ಸೂಚಿಸುವುದು ಕಷ್ಟ.

ಗ್ನೂ ರೇಡಿಯೋ ಎನ್ನುವುದು ರೇಡಿಯೋದ ಭಾಗಗಳನ್ನು ಸಾಫ್ಟ್‌ವೇರ್ ಬ್ಲಾಕುಗಳಾಗಿ ಜೋಡಿಸುವ ಮುಕ್ತ ತಂತ್ರಾಂಶ. ಅದರ ಜೊತೆಗೇ ಬರುವ ಬ್ಲಾಕುಗಳು ಕೆಲವು. ಹೊರಗಿನವರು ಬರೆದು ಬೇರೆಯಾಗಿ ಹಂಚುವ ಮಾಡ್ಯೂಲುಗಳು ಬೇಕಾದಷ್ಟು. ಈ ಹೊರಗಿನ ಮಾಡ್ಯೂಲುಗಳದ್ದೇ ಗೋಳು. 3.7ನೇ ಆವೃತ್ತಿ ಬಂದದ್ದು 2013ರಲ್ಲಿ. 3.8 ಬಂದದ್ದು 2019ರಲ್ಲಿ, 3.9 ಬಂದದ್ದು 2021ರಲ್ಲಿ, 3.10 ಬಂದದ್ದು 2022ರಲ್ಲಿ. ನಡುವೆ 2020ರ ಜನವರಿ 1ಕ್ಕೆ, 3.7 ಬಳಸುತ್ತಿದ್ದ ಪೈಥಾನ್ 2 ಎಂಬ ಪ್ರೋಗ್ರಾಮಿಂಗ್ ಭಾಷೆಯ ಬೆಂಬಲ ನಿಂತಿತು.

3.7ಕ್ಕೆ ಬರೆದ ಒಂದು ಮಾಡ್ಯೂಲ್ ಇದೆ ಎಂದುಕೊಳ್ಳಿ. ಅದರ ಬ್ಲಾಕುಗಳ ವಿವರ ಎಕ್ಸ್‌ಎಂಎಲ್ ಫೈಲಿನಲ್ಲಿದೆ. 3.8ರಿಂದ ಅದು ಯಾಮಲ್ ಎಂಬ ಇನ್ನೊಂದು ಬಗೆಯ ಫೈಲಿನಲ್ಲಿ ಇರಬೇಕು. ಒಳಗಿನ ಲೆಕ್ಕಾಚಾರ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದೆ, ಮೇಲಿನ ಜೋಡಣೆ ಪೈಥಾನಿನಲ್ಲಿದೆ. ಇವೆರಡನ್ನು ಬೆಸೆಯುವ ಕೆಲಸವನ್ನು ಸ್ವಿಗ್ ಎಂಬ ಸಾಧನ ಮಾಡುತ್ತಿತ್ತು. 3.9ರಲ್ಲಿ ಸ್ವಿಗ್ ಹೋಗಿ ಪೈಬೈಂಡ್11 ಬಂತು. ಅದಕ್ಕೆ ಪ್ರತಿ ಹೆಡರ್ ಫೈಲಿಗೂ (ಕೋಡಿನಲ್ಲಿ ಏನೇನಿದೆ ಎಂದು ಸಾರುವ ಫೈಲ್) ಒಂದು ಬೆಸುಗೆ (ಬೈಂಡಿಂಗ್) ಫೈಲ್ ಬೇಕು. ಆ ಬೆಸುಗೆ ಫೈಲಿನೊಳಗೆ ಹೆಡರ್ ಫೈಲಿನ ಗುರುತುಸಂಖ್ಯೆಯೊಂದು ಕೂತಿರುತ್ತದೆ. ಹೆಡರಿನಲ್ಲಿ ಒಂದು ಸಾಲು ತಿದ್ದಿದರೂ ಗುರುತು ತಾಳೆಯಾಗದೆ ತಕರಾರು ಬರುತ್ತದೆ. ಬೂಸ್ಟ್ ಎಂಬ ಹೊರಗಿನ ಲೈಬ್ರರಿಯ ಪಾಯಿಂಟರುಗಳ (ಮೆಮೊರಿಯ ಜಾಗ ತೋರಿಸುವ ಗುರುತುಗಳು) ಜಾಗಕ್ಕೆ ಸಿ ಪ್ಲಸ್ ಪ್ಲಸ್‌ನ ಸ್ವಂತ ಪಾಯಿಂಟರುಗಳು ಬಂದವು. ಯಾಮಲ್‌ಗೆ ಬದಲಿಸಿಕೊಡುವ ಸಾಧನ ಗ್ನೂ ರೇಡಿಯೋದಲ್ಲೇ ಇದೆ. ಉಳಿದದ್ದರಲ್ಲಿ ಕೈಕೆಲಸ ಬಹಳ.

ಇಷ್ಟೆಲ್ಲ ಯಾಕೆ ಬೇಕು, ಹಳೆಯದರಲ್ಲೇ ಇರಬಾರದೇ? ಬೋರ್ಡ್ ಬಿಡುವುದಿಲ್ಲ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಸಾಮಾನ್ಯವಾಗಿ ಹಾಕುವುದು ಡೆಬಿಯನ್ ಎಂಬ ಲಿನಕ್ಸನ್ನು ಆಧರಿಸಿದ ವ್ಯವಸ್ಥೆ. ಡೆಬಿಯನ್ 11ರಲ್ಲಿ ಸಿಗುವುದು 3.8. ಡೆಬಿಯನ್ 12ರಲ್ಲಿ ಸಿಗುವುದು 3.10. ಹೊಸ ರಾಸ್ಪ್‌ಬೆರಿ ಪೈ ತಂದು ಹೊಸ ಮೆಮೊರಿ ಕಾರ್ಡ್ ಹಾಕಿದ ಕೂಡಲೇ ಹಳೆಯ ಮಾಡ್ಯೂಲ್ ಬಿಲ್ಡ್ ಆಗುವುದಿಲ್ಲ, ಅಂದರೆ ಬರೆದ ಕೋಡ್ ಓಡುವ ರೂಪಕ್ಕೆ ಬರುವುದಿಲ್ಲ.

ಇನ್ನು ಪದಕ್ಕೆ ಬರೋಣ. ನಮ್ಮ ಮುಂದೆ ಬಂದವು ಇವು: ವರ್ಗಾವಣೆ, ವಲಸೆ, ಸಾಗಣೆ, ರೂಪಾಂತರ, ಕಸಿ. ವರ್ಗಾವಣೆ ಮೇಷ್ಟ್ರಿಗೆ ಆಗುವುದು. ಅದರಲ್ಲೂ ಜಾಗವಷ್ಟೇ ಬದಲು, ಮೇಷ್ಟ್ರು ಅವರೇ. ವಲಸೆ, ಸಾಗಣೆ ಇವುಗಳದ್ದೂ ಅದೇ ಕಥೆ. ರೂಪಾಂತರ ಅಂದರೆ ಮಾಡ್ಯೂಲ್ ಬೇರೆಯೇ ಏನೋ ಆಗಿಬಿಟ್ಟಿತು ಅನ್ನಿಸುತ್ತದೆ. ಎಫ್‌ಎಂ ಹಿಡಿಯುವ ಮಾಡ್ಯೂಲ್ ಕೊನೆಗೂ ಎಫ್‌ಎಂ ಹಿಡಿಯಬೇಕು ತಾನೇ? ‘ಕಸಿ’ಯ ಪರವಾಗಿ ಸಕಲೇಶಪುರದ ಕಡೆಯ ಗೆಳೆಯರೊಬ್ಬರು ಜೋರಾಗಿ ವಾದಿಸಿದರು. ಆದರೆ ಕಸಿಯಲ್ಲಿ ಎರಡು ಗಿಡ ಸೇರಿ ಒಂದಾಗುತ್ತವೆ. ಇಲ್ಲಿ ಮಾಡ್ಯೂಲ್ ಹೊರಗೇ ಇರುತ್ತದೆ. ಪದ ಚೆಂದ, ಅರ್ಥ ಕೂಡುವುದಿಲ್ಲ.

ನನಗೆ ಹಿಡಿಸಿದ್ದು ‘ಒಗ್ಗಿಸು’. ‘ಮಾಡ್ಯೂಲನ್ನು 3.10ಕ್ಕೆ ಒಗ್ಗಿಸಿದೆ.’ ‘ಈ ಮಾಡ್ಯೂಲ್ ಇನ್ನೂ 3.9ಕ್ಕೆ ಒಗ್ಗಿಲ್ಲ.’ ಬಾಯಲ್ಲಿ ಆಡಿ ನೋಡಿದರೆ ತೊಡಕಿಲ್ಲ.

ವ್ಯಾಕರಣದಲ್ಲಿ ಒಂದು ಅನುಮಾನ ಮಾತ್ರ ಉಳಿದಿದೆ. ಇದನ್ನೇ ಬಲ್ಲವರಿಗೆ ಕೇಳಬೇಕೆಂದು ಬರೆಯುತ್ತಿರುವುದು. ‘ಈ ನೀರು ನನಗೆ ಒಗ್ಗಲಿಲ್ಲ’ ಎನ್ನುತ್ತೇವೆ. ‘ನಾನು ಈ ಊರಿಗೆ ಒಗ್ಗಿಕೊಂಡೆ’ ಎಂದೂ ಎನ್ನುತ್ತೇವೆ. ಮೊದಲನೆಯದರಲ್ಲಿ ‘ಗೆ’ ಹತ್ತುವುದು ಮನುಷ್ಯನಿಗೆ. ಅಲ್ಲಿ ಯಾರೂ ಬದಲಾಗಬೇಕಿಲ್ಲ. ಹೊಂದಿತೋ ಇಲ್ಲವೋ, ಅಷ್ಟೇ. ಎರಡನೆಯದರಲ್ಲಿ ‘ಗೆ’ ಊರಿಗೆ ಹೋಯಿತು, ಬದಲಾದವನು ನಾನು. ನಮಗೆ ಬೇಕಾದದ್ದು ಈ ಎರಡನೆಯ ದಿಕ್ಕು. ಬದಲಾಗುವುದು ಮಾಡ್ಯೂಲ್, ಗ್ನೂ ರೇಡಿಯೋ ಅಲ್ಲ. ಹಾಗಾದರೆ ‘ಒಗ್ಗಿಸು’ ಎಂದಾಗ ಓದುಗರಿಗೆ ಯಾವ ದಿಕ್ಕು ಮೊದಲು ಹೊಳೆಯುತ್ತದೆ? ‘3.10ಕ್ಕೆ ಮಾಡ್ಯೂಲ್ ಒಗ್ಗಿಸು’ ಎಂದರೆ ‘ಮಗುವಿಗೆ ಹಾಲು ಒಗ್ಗಿಸು’ ಎಂಬಂತೆ 3.10ನ್ನೇ ತಿದ್ದಬೇಕು ಎಂದು ಯಾರಾದರೂ ಓದಿಯಾರೇ? ‘ಅನ್ನು’ ಬಿಡದೆ ‘ಮಾಡ್ಯೂಲನ್ನು’ ಎಂದೇ ಬರೆದರೆ ಗೊಂದಲ ಕಡಿಮೆ ಎಂದು ನನ್ನ ಅಂದಾಜು.

ಇಂಗ್ಲಿಷಿನವರು ಇದೇ ‘ಪೋರ್ಟ್’ ಪದವನ್ನು ಇನ್ನೊಂದು ಕೆಲಸಕ್ಕೂ ಬಳಸುತ್ತಾರೆ. ಲ್ಯಾಪ್‌ಟಾಪಿನಲ್ಲಿ ಓಡುವುದನ್ನು ಎಆರ್‌ಎಂ ಪ್ರೊಸೆಸರಿನ ಬೋರ್ಡಿನಲ್ಲಿ ಓಡುವಂತೆ ಮಾಡುವುದು. ಆವೃತ್ತಿ ಅದೇ, ಯಂತ್ರ ಬೇರೆ. ಇಲ್ಲಿ ‘ಒಗ್ಗು’ ಇನ್ನೂ ಚೆನ್ನಾಗಿ ಕೂರುತ್ತದೆ. ಒಂದು ಉದಾಹರಣೆ ಕೊಡುತ್ತೇನೆ. ಸಿ ಪ್ಲಸ್ ಪ್ಲಸ್‌ನಲ್ಲಿ ‘ಕ್ಯಾರ್’ ಎಂಬ 8 ಬಿಟ್‌ನ ಡೇಟಾ ಬಗೆ (ಟೈಪ್) ಇದೆ. ಲ್ಯಾಪ್‌ಟಾಪಿನ ಲಿನಕ್ಸಿನಲ್ಲಿ ಅದು ಸಾಮಾನ್ಯವಾಗಿ ಮೈನಸ್ 128ರಿಂದ 127ರವರೆಗೆ. ಎಆರ್‌ಎಂ ಲಿನಕ್ಸಿನಲ್ಲಿ ಅದೇ ‘ಕ್ಯಾರ್’ 0ಯಿಂದ 255ರವರೆಗೆ. ಸಿಗ್ನಲಿನ ಸ್ಯಾಂಪಲ್‌ಗಳನ್ನು ಬರೀ ‘ಕ್ಯಾರ್’ನಲ್ಲಿ ಇಟ್ಟ ಮಾಡ್ಯೂಲ್ ಬೋರ್ಡಿನಲ್ಲಿ ಎರರ್ ಇಲ್ಲದೆ ಬಿಲ್ಡ್ ಆಗುತ್ತದೆ, ಓಡುತ್ತದೆ. ಮೈನಸ್ ಅಂಕಿಗಳೆಲ್ಲ ಪ್ಲಸ್ ಆಗಿ ಬರೀ ಗೊರಗೊರ ಕೇಳಿಸುತ್ತದೆ. ಉಂಡದ್ದು ಗಂಟಲಿಳಿಯಿತು, ಮೈಗೆ ಹತ್ತಲಿಲ್ಲ. ಇದಕ್ಕೆ ‘ಬಿಲ್ಡ್ ಆಯ್ತು, ಬೋರ್ಡಿಗೆ ಒಗ್ಗಿಲ್ಲ’ ಎಂದರೆ ಸರಿಯಾಗಿದೆ ಅಲ್ವಾ? ‘ವರ್ಗಾವಣೆ ಆಗಿಲ್ಲ’ ಎಂದು ಬರೆಯಲು ಬರುವುದೇ ಇಲ್ಲ.

ಎರಡೂ ಕೆಲಸಕ್ಕೆ ಒಂದೇ ಪದ ಸಾಕು ಎಂಬುದು ನನ್ನ ಅಭಿಪ್ರಾಯ. ‘ಆವೃತ್ತಿಗೆ ಒಗ್ಗಿಸು’, ‘ಬೋರ್ಡಿಗೆ ಒಗ್ಗಿಸು’ ಎಂದು ಬಿಡಿಸಿ ಹೇಳಬಹುದು. ನಮ್ಮಲ್ಲೇ ಕೆಲವರು ಒಪ್ಪುತ್ತಿಲ್ಲ. ಬೋರ್ಡಿಗೆ ‘ಇಳಿಸು’ ಎನ್ನೋಣ ಎನ್ನುತ್ತಾರೆ. ಆದರೆ ‘ಇಳಿಸು’ ಈಗಾಗಲೇ ಡೌನ್‌ಲೋಡ್‌ಗೆ ಹೋಗಿಬಿಟ್ಟಿದೆ.

ನಾಮಪದ ಇನ್ನೂ ಸಿಕ್ಕಿಲ್ಲ. ‘ಒಗ್ಗಿಸುವಿಕೆ’ ಉದ್ದ. ‘ಒಗ್ಗಣೆ’ ಎಂದು ಒಬ್ಬರು ಕಟ್ಟಿದರು. ಮರುಕ್ಷಣವೇ ಎಲ್ಲರ ಕಣ್ಣಿಗೂ ‘ಒಗ್ಗರಣೆ’ ಕಂಡಿತು. ಅಲ್ಲಿಗೆ ಅದರ ಕಥೆ ಮುಗಿಯಿತು.

ಜೊತೆಗೆ ಎರಡು ಚಿಕ್ಕ ಪ್ರಶ್ನೆ. ಒಂದು, ‘ಬಿಲ್ಡ್’ಗೂ ‘ಬೈಂಡಿಂಗ್’ಗೂ ನಮಗೆ ಮೊದಲು ಬಾಯಿಗೆ ಬಂದದ್ದು ‘ಕಟ್ಟು’. ಒಂದೇ ಪುಟದಲ್ಲಿ ಎರಡೂ ಬಂದರೆ ಕೆಟ್ಟಿತು. ಹಾಗಾಗಿ ಬೈಂಡಿಂಗ್‌ಗೆ ಮೇಲೆ ಬರೆದಂತೆ ‘ಬೆಸುಗೆ’ ಎಂದಿಟ್ಟುಕೊಂಡಿದ್ದೇವೆ. ಆದರೆ ರೇಡಿಯೋ ಕೈಪಿಡಿಯಲ್ಲಿ ಬೆಸುಗೆ ಅಂದರೆ ಸೋಲ್ಡರಿಂಗ್ ಕೂಡ. ಇದಕ್ಕಿಂತ ಒಳ್ಳೆಯದು ಇದ್ದರೆ ಹೇಳಿ. ಎರಡು, ‘ಇನ್ನೂ ಕೆಲಸ ಮಾಡುತ್ತದೆ, ಮುಂದೆ ತೆಗೆಯುತ್ತೇವೆ, ಈಗಲೇ ಬಳಸುವುದು ಬಿಡಿ’ ಎಂದು ಎಚ್ಚರಿಸುವ ಪದವೊಂದು ಬೇಕು. ಸದ್ಯಕ್ಕೆ ‘ಕೈಬಿಡಲಿರುವ’ ಎಂದು ಬರೆದಿದ್ದೇವೆ.

‘ಒಗ್ಗಿಸು’ ಬೇಡ ಎನ್ನುವವರು ನಿಮ್ಮ ಪದವನ್ನು ಒಂಟಿಯಾಗಿ ಕಳಿಸಬೇಡಿ. ‘3.7ರ ಮಾಡ್ಯೂಲನ್ನು 3.10ಕ್ಕೆ’ ಎಂದು ಶುರುವಾಗುವ ಒಂದು ವಾಕ್ಯದಲ್ಲಿ ಕೂರಿಸಿ ಕಳಿಸಿ. ಉತ್ತರ ಕರ್ನಾಟಕದ ಕಡೆ, ಕರಾವಳಿಯ ಕಡೆ ‘ಒಗ್ಗು’ ಇದೇ ಅರ್ಥದಲ್ಲಿ ಬಳಕೆಯಲ್ಲಿದೆಯೇ ಎಂಬುದನ್ನೂ ಅಲ್ಲಿಯವರು ತಿಳಿಸಿದರೆ ಉಪಕಾರ.