ಹೊಯ್ದಾಟದಲ್ಲಿ ಮಾತ್ರ ಸೊರಗುವ ಎಂಜಿನ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಎರಡು ಡೀಸೆಲ್ ಎಂಜಿನ್‌ಗಳಿರುವ ನನ್ನ 38 ಅಡಿಯ ಹಳೆಯ ಮೋಟಾರ್ ಯಾಟ್ ಮಳೆಗಾಲವಿಡೀ ಕಟ್ಟಿಹಾಕಿದಲ್ಲೇ ಇತ್ತು. ಕಳೆದ ವಾರ ಅದನ್ನು ಕಾರವಾರದಿಂದ ಮಲ್ಪೆಗೆ ತರುವಾಗ, ಬೆಳಿಗ್ಗೆ ಶಾಂತವಾಗಿದ್ದ ಕಡಲಿನಲ್ಲಿ ಮಧ್ಯಾಹ್ನ ವಾಯವ್ಯದ ಗಾಳಿ ಎದ್ದು, ಮುರುಡೇಶ್ವರದ ಗೋಪುರ ಎಡಕ್ಕೆ ಕಾಣುವ ಹೊತ್ತಿಗೆ ಬಲ ಎಂಜಿನ್‌ನ ವೇಗ 2200 ಆರ್‌ಪಿಎಂನಿಂದ 1400ಕ್ಕೆ ಕುಸಿಯಿತು. ಡೀಸೆಲ್ ಫಿಲ್ಟರ್ ಮೇಲಿನ ವ್ಯಾಕ್ಯೂಮ್ ಗೇಜಿನ (ಡೀಸೆಲ್ ಹೀರಲು ಎಂಜಿನ್ ಎಷ್ಟು ಬಲವಾಗಿ ಎಳೆಯಬೇಕಾಗಿದೆ ಎಂದು ತೋರಿಸುವ ಮಾಪಕ) ಮುಳ್ಳು ಪಾದರಸದ 10 ಇಂಚು ದಾಟಿತ್ತು, ಅಂದರೆ ಡೀಸೆಲ್ ಬರುವ ದಾರಿಯಲ್ಲಿ ಎಲ್ಲೋ ತಡೆಯಿತ್ತು. ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ಚಾಲೂ ಮಾಡಿದರೆ ಮುಳ್ಳು ಕೆಳಗಿಳಿದು ಎಲ್ಲವೂ ಸರಿಯಾಗುತ್ತದೆ. ಅರ್ಧ ಗಂಟೆಯಲ್ಲಿ ಮತ್ತೆ ಅದೇ ಪಾಡು. ಒಂದೇ ಎಂಜಿನ್ ನಂಬಿಕೊಂಡು, ಮಕ್ಕಳನ್ನು ಕೂರಿಸಿಕೊಂಡು ಅಳಿವೆಯೊಳಗೆ ನುಗ್ಗುವಾಗ ನನಗೆ ನಿಜಕ್ಕೂ ಭಯವಾಯಿತು.

ಫಿಲ್ಟರನ್ನು ಎರಡು ಬಾರಿ ಬದಲಿಸಿದೆ. ತೆಗೆದದ್ದು ಬಹುತೇಕ ಸ್ವಚ್ಛವಾಗಿತ್ತು, ಆದರೆ ಅದರ ಗಾಜಿನ ಬಟ್ಟಲಿನ ತಳದಲ್ಲಿ ಚಮಚೆಯಷ್ಟು ನೀರೂ ಬೆರಳಿಗಂಟುವ ಕಪ್ಪು ಲೋಳೆಯೂ ಇದ್ದವು. ಟ್ಯಾಂಕಿನ ಗಾಳಿಕೊಳವೆ ಕಟ್ಟಿಕೊಂಡಿಲ್ಲ. ಕ್ರಾಸ್‌ಓವರ್ ವಾಲ್ವ್ ತಿರುಗಿಸಿ ಎಡ ಟ್ಯಾಂಕಿನ ಡೀಸೆಲ್ ಕೊಟ್ಟರೆ ಅದೇ ಎಂಜಿನ್ ಅಲೆಗಳಲ್ಲೂ ಚೆನ್ನಾಗಿ ಓಡುತ್ತದೆ. ಆದ್ದರಿಂದ ದೋಷ ಬಲ ಟ್ಯಾಂಕಿನೊಳಗೇ ಇದೆ, ಹೊಯ್ದಾಟಕ್ಕೆ ಮೇಲೆದ್ದ ಕೆಸರು ಹೀರುಕೊಳವೆಯ ಬಾಯಿಗೆ ಅಡರುತ್ತಿದೆ ಎಂಬುದು ನನ್ನ ತರ್ಕ.

ನಾನು ಸಿಕ್ಕಿಕೊಂಡಿರುವುದು ಮುಂದಿನ ಹೆಜ್ಜೆಯಲ್ಲಿ. ಡೀಸೆಲನ್ನು ಹೊರಗೆಳೆದು ಸೋಸಿ ಮರಳಿ ತುಂಬಿದರೆ ಸಾಕೆಂದು ಒಬ್ಬ ಮೆಕ್ಯಾನಿಕ್ ಹೇಳುತ್ತಾರೆ. ಅಲ್ಯುಮಿನಿಯಂ ಟ್ಯಾಂಕಿನ ಮೇಲ್ಭಾಗ ಕೊರೆದು ತಪಾಸಣಾ ಕಿಂಡಿ ಮಾಡಿ, ಒಳಗೆ ಕೈಹಾಕಿ ಉಜ್ಜದ ಹೊರತು ಗೋಡೆಗೆ ಅಂಟಿದ ಲೋಳೆ ಹೋಗದೆಂದು ಇನ್ನೊಬ್ಬರು ಹೇಳುತ್ತಾರೆ. ಇಂಥ ಟ್ಯಾಂಕನ್ನು ಕಿಂಡಿ ಕೊರೆಯದೆ, ಕೇವಲ ಸೋಸುವುದರಿಂದ ಪೂರ್ತಿ ಶುಚಿ ಮಾಡಿಕೊಂಡವರು ಯಾರಾದರೂ ಇದ್ದೀರಾ? ಇದ್ದರೆ, ಆಮೇಲೆ ಒರಟು ಕಡಲಿನಲ್ಲಿ ಈ ತೊಂದರೆ ಮರುಕಳಿಸಿತೇ?