ಮಗ್ಗದ ಚಿತ್ರ ಮುಗಿಸಲೇ, ಕೆಲಸಕ್ಕೆ ಸೇರಲೇ?

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಹನುಮಂತನಗರದ 33 ವರ್ಷದ ಓದುಗರೊಬ್ಬರು ತಮ್ಮ ಇಕ್ಕಟ್ಟನ್ನು ತೋಡಿಕೊಂಡಿದ್ದರು. ಸಾಫ್ಟ್‌ವೇರ್ ಕೆಲಸ ಬಿಟ್ಟು ಐದು ವರ್ಷವಾಗಿರುವ ಅವರು ಮದುವೆಗಳ ಫೋಟೊ ತೆಗೆದು ಜೀವನ ನಡೆಸುತ್ತ, ಕಬ್ಬನ್‌ಪೇಟೆಯ ನೇಕಾರರ ಕುರಿತು ಮೂರು ವರ್ಷದಿಂದ ಸ್ವಂತ ಖರ್ಚಿನಲ್ಲಿ ಸಾಕ್ಷ್ಯಚಿತ್ರವೊಂದನ್ನು ಮಾಡುತ್ತಿದ್ದಾರೆ. ಈಗ ಸೇವಾಸಂಸ್ಥೆಯೊಂದು ತನ್ನ ಕಾರ್ಯಕ್ರಮಗಳ ಚಿತ್ರ ತೆಗೆಯಲು ತಿಂಗಳ ಸಂಬಳದ ಕೆಲಸ ಕೊಡಲು ಮುಂದೆ ಬಂದಿದೆ. ಕೆಲಸದಲ್ಲಿರುವಷ್ಟು ಕಾಲ ತೆಗೆದ ‘ಎಲ್ಲ ಚಿತ್ರಗಳೂ’ ಸಂಸ್ಥೆಯ ಸ್ವತ್ತು ಎಂಬುದು ಕರಾರು. ಮಗಳು ಕೆಲಸಕ್ಕೆ ಸೇರಲಿ ಎಂಬುದು ತಂದೆಯ ಒತ್ತಾಯ. ಬಂದ ಪತ್ರಗಳಲ್ಲಿ ನಾಲ್ಕನ್ನು ಇಲ್ಲಿ ಕೊಡಲಾಗಿದೆ.

ಸೋದರಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಎರಡು ಸಲವೂ ‘ಎಲ್ಲ ಚಿತ್ರಗಳೂ’ ಎಂಬಲ್ಲಿಗೆ ಬಂದಾಗ ಎದೆ ಧಸಕ್ಕೆಂದಿತು, ಏಕೆಂದರೆ ಹನ್ನೆರಡು ವರ್ಷಗಳ ಹಿಂದೆ ನಾನೂ ಇಂಥದೇ ಕಾಗದಕ್ಕೆ ಓದದೆ ರುಜು ಹಾಕಿದ್ದೆ. ಭಾನುವಾರಗಳಂದು ನನ್ನದೇ ಕ್ಯಾಮೆರಾದಿಂದ ಬೆಂಗಳೂರಿನ ಕೆರೆಗಳನ್ನು ಚಿತ್ರೀಕರಿಸಿ, ಸಂಜೆ ಎಲ್ಲರೂ ಮನೆಗೆ ಹೋದ ಮೇಲೆ ಕಚೇರಿಯ ಕಂಪ್ಯೂಟರಿನಲ್ಲಿ ಸಂಕಲನ ಮಾಡುತ್ತಿದ್ದೆ. ಕೆಲಸ ಬಿಡುವ ದಿನ ಹಾರ್ಡ್‌ಡಿಸ್ಕನ್ನು ಮೇಜಿನ ಮೇಲಿಟ್ಟು ಹೋಗಬೇಕೆಂದರು. ವಾದಿಸುವುದಕ್ಕೆ ನನ್ನ ಕೈಯಲ್ಲಿ ಒಂದು ಸಾಲಿನ ಬರಹವೂ ಇರಲಿಲ್ಲ. ಎರಡು ವರ್ಷದ ಭಾನುವಾರಗಳು ಈಗ ಯಾವ ಕಪಾಟಿನಲ್ಲಿ ದೂಳು ತಿನ್ನುತ್ತಿವೆಯೋ.

1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೆಯ ಕಲಮಿನ ಪ್ರಕಾರ ಫೋಟೊ ತೆಗೆದವರೇ ಅದರ ಮೊದಲ ಒಡೆಯರು. ಆದರೆ ಬೇರೆ ಒಪ್ಪಂದ ಇಲ್ಲದಿದ್ದರೆ, ನೌಕರಿಯ ಭಾಗವಾಗಿ ತೆಗೆದದ್ದು ಸಂಸ್ಥೆಗೂ, ಹಣ ಕೊಟ್ಟು ತೆಗೆಸಿದ್ದು ತೆಗೆಸಿದವರಿಗೂ ಸೇರುತ್ತದೆ. ನೀವು ಇಷ್ಟು ವರ್ಷ ತೆಗೆದ ಮದುವೆ ಫೋಟೊಗಳು ಕೂಡ, ಬರಹದಲ್ಲಿ ಬೇರೆ ಮಾತಾಗಿಲ್ಲದಿದ್ದರೆ, ಮದುವೆ ಮನೆಯವರವೇ. ನಮ್ಮ ವೃತ್ತಿಯ ಬಹುಪಾಲು ಜನರಿಗೆ ಇದು ತಿಳಿದಿಲ್ಲ. ಫೋಟೊದ ಹಕ್ಕು ತೆಗೆದವರ ಜೀವಿತಕಾಲವಿಡೀ ಮತ್ತು ಅವರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, ಒಂದು ರುಜುವಿನಲ್ಲಿ ನೀವು ಎಷ್ಟನ್ನು ಬಿಟ್ಟುಕೊಡುತ್ತಿದ್ದೀರಿ ಎಂಬುದು ಗೊತ್ತಾಗುತ್ತದೆ. ಆದ್ದರಿಂದ ‘ಎಲ್ಲ ಚಿತ್ರಗಳೂ’ ಎಂಬುದನ್ನು ‘ಸಂಸ್ಥೆ ವಹಿಸಿದ ಕೆಲಸಕ್ಕಾಗಿ ತೆಗೆದ ಚಿತ್ರಗಳು’ ಎಂದು ತಿದ್ದಿಸಿಕೊಳ್ಳಿ. ಕಬ್ಬನ್‌ಪೇಟೆಯ ಚಿತ್ರವನ್ನು ಹೆಸರಿಸಿ, ಅದು ನೀವು ಸೇರುವ ಮೊದಲೇ ಆರಂಭವಾದ ಸ್ವಂತ ಕೃತಿ, ಮುಂದೆ ರಜಾದಿನಗಳಲ್ಲಿ ತೆಗೆಯುವ ಭಾಗವೂ ನಿಮ್ಮದೇ ಎಂದು ಒಂದು ಅನುಬಂಧ ಸೇರಿಸಿರಿ. ಒಳ್ಳೆಯ ಸಂಸ್ಥೆಯಾದರೆ ಇದಕ್ಕೆ ಹತ್ತು ನಿಮಿಷ ಸಾಕು. ಒಪ್ಪದಿದ್ದರೆ, ನಿಮ್ಮ ಭಾನುವಾರಗಳ ಮೇಲೂ ಅವರಿಗೆ ಕಣ್ಣಿದೆ ಎಂದು ತಿಳಿದು ಹಿಂದೆ ಸರಿಯಿರಿ.

ಸಂಸ್ಥೆಯ ಕೆಲಸ ಮಾಡಿದರೆ ಕಣ್ಣನ್ನೇ ಮಾರಿಕೊಂಡಂತೆ ಎಂದು ನೀವು ಬರೆದಿದ್ದೀರಿ. ಅದನ್ನು ನಾನು ಒಪ್ಪಲಾರೆ. ಮೈಸೂರಿನ ಟಿ.ಎಸ್. ಸತ್ಯನ್ ಅವರು ಯುನಿಸೆಫ್‌ಗೂ ವಿಶ್ವ ಆರೋಗ್ಯ ಸಂಸ್ಥೆಗೂ ಫೋಟೊ ತೆಗೆದುಕೊಟ್ಟವರು. 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಸಂದರ್ಭದಲ್ಲಿ, ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಅವರ ಹೆಸರಿನಲ್ಲಿಯೇ ಪ್ರದರ್ಶನಗೊಂಡವು. ಯಾರದೋ ಕೆಲಸಕ್ಕೆ ಹೋದ ಕಣ್ಣು ಅಲ್ಲಿ ಮಂಕಾಗಿರಲಿಲ್ಲ.

ಒಬ್ಬ ಛಾಯಾಗ್ರಾಹಕ, ಜಯನಗರ

ಮಗಳೇ, ನಾನು ನಿಮ್ಮ ತಂದೆಯ ಕಡೆಯವನು. ನನ್ನ ಮಗನೂ ಮದುವೆ ಫೋಟೊಗ್ರಾಫರ್. 2020ರಲ್ಲಿ ಮದುವೆಗೆ 50 ಜನ ಮಾತ್ರ ಎಂದು ಸರ್ಕಾರ ಮಿತಿ ಹಾಕಿದಾಗ, ಮುಂಗಡ ಕೊಟ್ಟವರೆಲ್ಲ ಒಬ್ಬೊಬ್ಬರಾಗಿ ಹಣ ವಾಪಸು ಕೇಳಿದರು. ಸಾಲ ಮಾಡಿ ಕೊಂಡ ಲೆನ್ಸನ್ನು ಅವನು ಅರ್ಧ ಬೆಲೆಗೆ ಮಾರಿ ಬಂದ ರಾತ್ರಿ ಊಟದ ತಟ್ಟೆಯ ಮುಂದೆ ಕುಳಿತೇ ಇದ್ದ. ತಂದೆಯಾದವನು ಅಂಥದ್ದನ್ನು ಒಮ್ಮೆ ನೋಡಿದರೆ ಸಾಕು, ಆಮೇಲೆ ‘ಕೆಲಸ’ ಎಂಬ ಮಾತು ಬಾಯಿಗೆ ತಾನಾಗಿಯೇ ಬರುತ್ತದೆ. ಅದು ನಿಮ್ಮ ಚಿತ್ರದ ಮೇಲಿನ ಸಿಟ್ಟಲ್ಲ. ಸೇರಿ, ಎರಡು ವರ್ಷ ದುಡಿಯಿರಿ, ಭವಿಷ್ಯ ನಿಧಿಯನ್ನೂ ಆರೋಗ್ಯ ವಿಮೆಯನ್ನೂ ಕೇಳಿ ಪಡೆಯಿರಿ. ಇನ್ನೊಂದು ಮಾತು: ಮೂರು ವರ್ಷದಲ್ಲಿ ತೆಗೆದದ್ದರಲ್ಲಿ ಹತ್ತು ನಿಮಿಷವನ್ನಾದರೂ ನಿಮ್ಮ ತಂದೆಗೆ ತೋರಿಸಿದ್ದೀರಾ? ಪತ್ರದಲ್ಲಿ ಆ ವಿಷಯವೇ ಇಲ್ಲ.

ಒಬ್ಬ ತಂದೆ, ರಾಜಾಜಿನಗರ

ಹಕ್ಕು, ಸಂಬಳಗಳ ವಿಷಯವನ್ನು ಬೇರೆಯವರು ಬರೆಯುತ್ತಾರೆ. ನಾನು ನಲವತ್ತು ವರ್ಷ ಸಂಕಲನದ ಮೇಜಿನ ಮುಂದೆ ಕುಳಿತವನಾದ್ದರಿಂದ ಬೇರೊಂದನ್ನು ಹೇಳುತ್ತೇನೆ. ‘ಇನ್ನೂ ಸ್ವಲ್ಪ ಚಿತ್ರೀಕರಣ ಬಾಕಿ ಇದೆ’ ಎಂಬ ಮಾತು ನಿಮ್ಮ ಪತ್ರದಲ್ಲಿ ಮೂರು ಸಲ ಬಂದಿದೆ, ಸಂಕಲನ ಎಂಬ ಪದ ಒಮ್ಮೆಯೂ ಬಂದಿಲ್ಲ. ನಾನು ಕೆಲಸ ಕಲಿತ ಕಾಲದಲ್ಲಿ 16 ಎಂಎಂ ಫಿಲ್ಮಿನ 400 ಅಡಿಯ ರೋಲು 11 ನಿಮಿಷಕ್ಕೆ ಮುಗಿದುಹೋಗುತ್ತಿತ್ತು. ಆ ಹನ್ನೊಂದು ನಿಮಿಷದ ಬೆಲೆ ಗೊತ್ತಿದ್ದುದರಿಂದ ಕ್ಯಾಮೆರಾದವರು ಗುಂಡಿ ಒತ್ತುವ ಮೊದಲೇ ಯೋಚಿಸುತ್ತಿದ್ದರು. ನಿಮ್ಮ ಮೆಮೊರಿ ಕಾರ್ಡಿಗೆ ಆ ಭಯವಿಲ್ಲ, ಆದ್ದರಿಂದಲೇ ಚಿತ್ರೀಕರಣ ಮುಗಿಯುವುದೂ ಇಲ್ಲ.

ಒಂದು ದಪ್ಪ ಲೆಕ್ಕದ ಪುಸ್ತಕ ತೆಗೆದುಕೊಂಡು ಇರುವುದನ್ನೆಲ್ಲ ಕುಳಿತು ನೋಡಿ, ಕೈಯಲ್ಲಿ ಬರೆಯಿರಿ: ‘ಡಿಸ್ಕು 4, ಮಾರ್ಚ್ 12, ಲಾಳಿ ಸಿಕ್ಕಿಕೊಂಡಾಗ ಅಜ್ಜ ನಗುವುದು, ಬಲಗಡೆಯಿಂದ, ಧ್ವನಿ ಚೆನ್ನಾಗಿದೆ.’ ಇಂಥ ಮುನ್ನೂರು ಸಾಲು ಆಗುವಷ್ಟರಲ್ಲಿ ಚಿತ್ರ ಎಲ್ಲಿದೆ, ಏನು ಬಾಕಿ ಇದೆ ಎರಡೂ ಕಾಣುತ್ತವೆ. ಸಮಯವಿಲ್ಲ ಎನ್ನಬೇಡಿ. ಮದುವೆ ಕೆಲಸವನ್ನೇ ಮುಂದುವರಿಸುವುದಾದರೆ ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ನಿಮ್ಮನ್ನು ಕರೆಯುವವರು ಯಾರೂ ಇರುವುದಿಲ್ಲ. ವರ್ಷಕ್ಕೆ ಎರಡೂವರೆ ತಿಂಗಳನ್ನು ಪಂಚಾಂಗವೇ ನಿಮಗೆ ಬಿಡಿಸಿಕೊಟ್ಟಿದೆ. ಸಂಬಳದ ಕೆಲಸದಲ್ಲಿ ಇಷ್ಟು ಬಿಡುವು ಸಿಗುವುದಿಲ್ಲ ಎಂಬುದನ್ನೂ ತೂಗಿ ನೋಡಿ. ನನ್ನನ್ನು ಕೇಳಿದರೆ, ಒಂದು ಆಷಾಢದ ಮಟ್ಟಿಗೆ ಸೇರುವ ದಿನಾಂಕವನ್ನು ಮುಂದಕ್ಕೆ ಕೇಳಿಕೊಂಡು ಮೊದಲ ಕಚ್ಚಾ ಪ್ರತಿಯನ್ನು ಕಟ್ಟಿಬಿಡಿ.

ಪ್ರತಿಗಳು ಮೂರಿರಲಿ, ಒಂದು ಬೇರೆಯವರ ಮನೆಯಲ್ಲಿರಲಿ. 1922ರಲ್ಲಿ ‘ನಾನೂಕ್ ಆಫ್ ದ ನಾರ್ತ್’ ಸಾಕ್ಷ್ಯಚಿತ್ರವನ್ನು ತೆರೆಗೆ ತಂದ ರಾಬರ್ಟ್ ಫ್ಲಾಹರ್ಟಿ, ಅದಕ್ಕೂ ಮೊದಲು ಉತ್ತರದ ಹಿಮಪ್ರದೇಶದಲ್ಲಿ ವರ್ಷಗಟ್ಟಲೆ ತೆಗೆದ ಸುಮಾರು 30,000 ಅಡಿ ನೆಗೆಟಿವನ್ನು 1916ರಲ್ಲಿ ತನ್ನದೇ ಸಿಗರೇಟಿನ ಕಿಡಿಯಿಂದ ಸುಟ್ಟುಕೊಂಡ. ಆತ ಮತ್ತೆ ಹೋಗಿ ಎರಡನೆಯ ಸಲ ತೆಗೆದ, ಅದಕ್ಕೆ ಹಣ ಕೊಟ್ಟದ್ದು ತುಪ್ಪಳದ ವ್ಯಾಪಾರ ಮಾಡುವ ಕಂಪನಿ. ಯಾರ ಹಣ ಎಂಬ ನಿಮ್ಮ ಸಂಕೋಚ ಈ ಕಲೆಯಷ್ಟೇ ಹಳೆಯದು, ಅದಕ್ಕಾಗಿ ನಿದ್ದೆಗೆಡಬೇಡಿ. ನಮ್ಮ ಊರಿನಲ್ಲಿಯೇ ಕಚೇರಿ ಇರುವ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಕಲಾವಿದರಿಗೂ ಸಂಶೋಧಕರಿಗೂ ಅನುದಾನ ಕೊಡುತ್ತದೆ. ಕಚ್ಚಾ ಪ್ರತಿ ಕೈಯಲ್ಲಿದ್ದರೆ ಅರ್ಜಿಗೆ ಬೇರೆಯೇ ತೂಕ ಬರುತ್ತದೆ. ಮುಗಿದ ಮೇಲೆ ತಿರುವನಂತಪುರದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವಕ್ಕೂ ಮುಂಬೈ ಉತ್ಸವಕ್ಕೂ ಕಳುಹಿಸಬಹುದು. ಅದಕ್ಕೂ ಮುಂಚೆ ಬನಶಂಕರಿಯ ಸುಚಿತ್ರಾ ಫಿಲ್ಮ್ ಸೊಸೈಟಿಯಂಥ ಕಡೆ ಇಪ್ಪತ್ತು ಜನರ ನಡುವೆ ಕತ್ತಲಲ್ಲಿ ಕುಳಿತು ನೋಡಿ. ಯಾವ ದೃಶ್ಯ ಉದ್ದವಾಯಿತು ಎಂಬುದನ್ನು ಕುರ್ಚಿಗಳ ಕಿರುಗುಟ್ಟುವಿಕೆ ಹೇಳುತ್ತದೆ.

ನಿವೃತ್ತ ಸಂಕಲನಕಾರ, ಮಲ್ಲೇಶ್ವರ

ನಾನು ಕಬ್ಬನ್‌ಪೇಟೆಯಲ್ಲಿ ಹುಟ್ಟಿ ಬೆಳೆದವಳು, ಈಗ ಯಲಹಂಕದಲ್ಲಿದ್ದೇನೆ. ನಮ್ಮ ತಾತನ ಮಗ್ಗವನ್ನು ಹಳೇ ಸಾಮಾನಿನವನಿಗೆ ತೂಕದ ಲೆಕ್ಕದಲ್ಲಿ ಕೊಟ್ಟೆವು. ತಾತನದು ಎಂದು ಉಳಿದಿರುವುದು ಸ್ಟುಡಿಯೊದಲ್ಲಿ ತೆಗೆಸಿದ ಒಂದೇ ಫೋಟೊ. ಅದರಲ್ಲಿ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬಣ್ಣ ಬಳಿದ ಹೂದೋಟದ ಪರದೆಯ ಮುಂದೆ ನಿಂತಿದ್ದಾರೆ. ಮಗ್ಗದ ಮುಂದೆ ಅವರು ಹೇಗಿದ್ದರು ಎಂದು ನನ್ನ ಮಗ ಕೇಳಿದರೆ ಬಾಯಲ್ಲಿ ಹೇಳಬೇಕು. ಆದ್ದರಿಂದ ಕೆಲಸಕ್ಕೆ ಸೇರುವುದು ಬಿಡುವುದು ನಿಮ್ಮ ಮನೆಯ ವಿಷಯ, ಆದರೆ ನೀವು ತೆಗೆದಿರುವುದರ ಒಂದು ಪ್ರತಿ ಆ ನೇಕಾರರ ಮನೆಗಳವರಿಗೂ ಸೇರಬೇಕೆಂದು ಕೇಳಿಕೊಳ್ಳುತ್ತೇನೆ.

ನಿಮ್ಮ ಪತ್ರದಲ್ಲಿ ಬಂದ ನೇಕಾರರೆಲ್ಲ ಗಂಡಸರೇ ಎಂಬುದನ್ನು ಗಮನಿಸಿದೆ. ಮನೆಯ ಒಳಗೆ, ದೀಪದ ಬೆಳಕು ಸಾಲದ ಮೂಲೆಯಲ್ಲಿ, ಲಾಳಿಯೊಳಗಿಡುವ ನೂಲಿನ ಕಂಡಿಕೆ ಸುತ್ತುತ್ತ ಕುಳಿತವರು ನಮ್ಮ ಅಜ್ಜಿ, ಅತ್ತೆಯರು. ಅತ್ತೆಗೆ ಈಗ 78 ವರ್ಷ, ಕೈ ನಡುಗುತ್ತದೆ, ಆದರೂ ರಾಟೆ ಸಿಕ್ಕರೆ ಎಳೆ ಹರಿಯದಂತೆ ಸುತ್ತುತ್ತಾರೆ. ನೀವು ಚಿತ್ರೀಕರಣ ಮುಗಿಸುವ ಮೊದಲು ಒಂದು ಮಧ್ಯಾಹ್ನ ಅವರ ಹತ್ತಿರ ಬನ್ನಿ. ಊಟದ ಹೊತ್ತಿಗೆ ಬಂದರೆ ಮಾತು ಚೆನ್ನಾಗಿ ಬರುತ್ತದೆ. ಮೂರರ ನಂತರ ಅವರು ಮಲಗಿಬಿಡುತ್ತಾರೆ.

ಒಬ್ಬ ಓದುಗಿ, ಯಲಹಂಕ