ಸಹಾಯ ಬೇಕು: ಮಳೆಗಾಲದಲ್ಲಿ ದೂರ ನಿಲ್ಲದ ಗೋಲಿಗಳು

ತೀರ್ಥಹಳ್ಳಿಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ನನಗೆ ಒಂದು ಪ್ರಯೋಗದ ವಿಷಯದಲ್ಲಿ ಅನುಭವಸ್ಥರ ನೆರವು ಬೇಕಾಗಿದೆ. ಅಲ್ಯೂಮಿನಿಯಂ ಹಾಳೆ ಸುತ್ತಿದ ಎರಡು ಥರ್ಮೋಕೋಲ್ ಗೋಲಿಗಳನ್ನು (ಇಂಥ ಹತ್ತನ್ನು ಒಟ್ಟಿಗೆ ತೂಗಿದಾಗ 1 ಗ್ರಾಂ ಬಂತು) 50 ಸೆಂ.ಮೀ. ಉದ್ದದ ಹತ್ತಿಯ ದಾರಗಳಿಂದ ಒಂದೇ ಮೊಳೆಗೆ ತೂಗುಹಾಕಿ, ಉಣ್ಣೆಬಟ್ಟೆಯಿಂದ ಉಜ್ಜಿದ ಪಿವಿಸಿ ಕೊಳವೆಯನ್ನು ಎರಡಕ್ಕೂ ಮುಟ್ಟಿಸಿದೆ. ಅವು 6 ಸೆಂ.ಮೀ. ಅಂತರಕ್ಕೆ ಸರಿದು ನಿಂತವು. ದಾರದ ಬಿಗಿತ, ಗೋಲಿಯ ತೂಕ ಮತ್ತು ಕೂಲಂಬ್ ವಿಕರ್ಷಣೆ (ಒಂದೇ ಬಗೆಯ ವಿದ್ಯುದಾವೇಶಗಳು ಒಂದನ್ನೊಂದು ದೂಡುವ ಬಲ) ಪರಸ್ಪರ ಸರಿದೂಗುವ ಈ ಸ್ಥಿತಿಯಿಂದ ಲೆಕ್ಕ ಹಾಕಿದರೆ, ಎರಡೂ ಸಮಾನ ಎಂದು ಭಾವಿಸಿದಾಗ, ಪ್ರತಿ ಗೋಲಿಯ ವಿದ್ಯುದಾವೇಶ ಸುಮಾರು 4.9 ನ್ಯಾನೊಕೂಲಂಬ್ ಆಗುತ್ತದೆ.

ಆದರೆ ಎರಡೇ ನಿಮಿಷದಲ್ಲಿ ಅಂತರ 3 ಸೆಂ.ಮೀ.ಗೆ ಇಳಿಯುತ್ತದೆ. ಕೋನ ಚಿಕ್ಕದಿರುವಾಗ ಅಂತರದ ಘನವು ಆವೇಶದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ಅಂತರ ಅರ್ಧವಾಯಿತೆಂದರೆ ಆವೇಶ ಶೇಕಡ 35ರಷ್ಟೇ ಉಳಿದಿದೆ ಎಂದರ್ಥ. ಆಷಾಢದ ತೇವ ಹೀರಿದ ದಾರದ ಮೂಲಕವೇ ಅದು ಸೋರುತ್ತಿದೆ ಎಂಬುದು ನನ್ನ ಗುಮಾನಿ. ಬಚ್ಚಲೊಲೆಯ ಬಳಿ ದಾರವನ್ನು ಒಣಗಿಸಿ ಒಯ್ದ ದಿನ (ಮನೆಯವರೆಲ್ಲ ನಕ್ಕರು) ಗೋಲಿಗಳು ಐದು ನಿಮಿಷ ತಡೆದವು.

ಹತ್ತಿಯ ಬದಲು ರೇಷ್ಮೆ ಎಳೆ ಒಳ್ಳೆಯದೋ, ಮೀನುಗಾಳದ ನೈಲಾನ್ ದಾರವೋ? ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಗಾಜಿನ ಪೆಟ್ಟಿಗೆಯೊಳಗೆ ತೂಗುಹಾಕುವುದಾದರೆ, ಗಾಜಿನ ಗೋಡೆಗೆ ಗೋಲಿಗಳು ಆಕರ್ಷಿತವಾಗಿ ಅಳತೆ ಕೆಡದಂತೆ ಎಷ್ಟು ದೂರ ಬಿಡಬೇಕು? ಮಳೆಗಾಲದಲ್ಲಿ ಇದನ್ನು ಮಾಡಿ ನೋಡಿದವರು ದಯವಿಟ್ಟು ತಿಳಿಸಿ.